ಸುಳ್ಳು ಹೇಳದ ಸಾಕ್ಷಿಯಿಂದಲೂ ನಿರಪರಾಧಿ ಜೈಲಿಗೆ ಹೋಗಬಹುದು: ಕಾಟನ್ ಕೇಸು, ನಾಸಿಕ್ ಕೇಸು, ನಮ್ಮ ಗುರುತು ಪೆರೇಡು

ಕ್ಯಾರಿ ಕನ್ನಡಿಗ:
ಹಿಂದಿನ ಚರ್ಚೆಯಲ್ಲಿ ಒಬ್ಬರು "ಕಣ್ಣಾರೆ ಕಂಡವರೇ ಹೇಳಿದ ಮೇಲೆ ಇನ್ನೇನು ಬೇಕು, ಸುಮ್ನೆ ನೇಣಿಗೆ ಹಾಕಿ" ಅಂತ ಬರೆದಿದ್ದರು. ಅಲ್ಲೇ ಉತ್ತರ ಬರೆದರೆ ಉದ್ದ ಆಗುತ್ತದೆ, ಅದಕ್ಕೇ ಬೇರೆ ಪೋಸ್ಟ್ ಹಾಕಿದ್ದೇನೆ.

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಇಲ್ಲಿಂದ ಕಾರಲ್ಲಿ ಗಂಟೆ ದಾರಿ ಬರ್ಲಿಂಗ್ಟನ್ ಅನ್ನೋ ಊರು. 1984ರ ಜುಲೈನಲ್ಲಿ ಅಲ್ಲಿ ಒಬ್ಬ ರಾತ್ರಿ ಮನೆಗೆ ನುಗ್ಗಿ ಜೆನಿಫರ್ ಥಾಂಪ್ಸನ್ ಎಂಬ 22 ವರ್ಷದ ಕಾಲೇಜು ಹುಡುಗಿಗೆ ಚಾಕು ತೋರಿಸಿ ಅತ್ಯಾಚಾರ ಮಾಡಿದ. (ಹೆಸರು ಹಾಕಿದ್ದೇನೆ, ಯಾಕೆಂದರೆ ಅವರೇ ಈ ವಿಷಯವನ್ನು ವರ್ಷಗಟ್ಟಲೆ ಬಹಿರಂಗವಾಗಿ ಮಾತಾಡುತ್ತಾ ಬಂದಿದ್ದಾರೆ.) ಆ ಭಯದಲ್ಲೂ ಅವರು ಬುದ್ಧಿ ಕಳೆದುಕೊಳ್ಳಲಿಲ್ಲ. ಬದುಕಿ ಉಳಿದರೆ ಇವನನ್ನು ಹಿಡಿಸಲೇಬೇಕು ಅಂತ ಅವನ ಮುಖ, ಎತ್ತರ, ಧ್ವನಿ ಎಲ್ಲವನ್ನೂ ಬೇಕೆಂದೇ ಗಮನಿಸಿ ನೆನಪಿಟ್ಟುಕೊಂಡರು. ಆಮೇಲೆ ಉಪಾಯದಿಂದ ತಪ್ಪಿಸಿಕೊಂಡು ಓಡಿದರು. ಅದೇ ರಾತ್ರಿ ಆತ ಹತ್ತಿರದಲ್ಲೇ ಇನ್ನೊಬ್ಬ ಮಹಿಳೆಯ ಮೇಲೂ ದಾಳಿ ಮಾಡಿದ.

ಪೊಲೀಸರು ಜೆನಿಫರ್ ಹೇಳಿದ ಹಾಗೆ ಮುಖದ ಚಿತ್ರ ಮಾಡಿಸಿದರು. ಅದನ್ನು ನೋಡಿದ ಯಾರೋ ರೊನಾಲ್ಡ್ ಕಾಟನ್ ಅನ್ನುವವನ ಹೆಸರು ಹೇಳಿದರು. ಅವನ ಮೇಲೆ ಮೊದಲೇ ಕೇಸು ಇದ್ದದ್ದರಿಂದ ಠಾಣೆಯಲ್ಲಿ ಫೋಟೋ ಸಿಕ್ಕಿತು. ಆರು ಫೋಟೋ ಮುಂದಿಟ್ಟರು. ಜೆನಿಫರ್ ಐದು ನಿಮಿಷದಷ್ಟು ನೋಡಿ, ಒಂದೊಂದೇ ಪಕ್ಕಕ್ಕೆ ಸರಿಸುತ್ತಾ, ಕೊನೆಗೆ ಕಾಟನ್ ಫೋಟೋ ಆರಿಸಿದರು. ಕೆಲವು ದಿನ ಬಿಟ್ಟು ಗಂಡಸರನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ಫೋಟೋದಲ್ಲೂ ಸಾಲಿನಲ್ಲೂ ಇದ್ದದ್ದು ಕಾಟನ್ ಒಬ್ಬನೇ. ಆದರೂ ಜೆನಿಫರ್‌ಗೆ 4ನೇಯವನೋ 5ನೇಯವನೋ ಅಂತ ಅನುಮಾನ ಬಂತು. ಇನ್ನೊಮ್ಮೆ ಎಲ್ಲರನ್ನೂ ಮುಂದೆ ಬಂದು ಮಾತಾಡಲು ಹೇಳಿಸಿದರು. ಆಮೇಲೆ 5 ಅಂದರು. 5 ಅಂದರೆ ಕಾಟನ್. ಹೊರಗೆ ಬಂದ ಮೇಲೆ ಪೊಲೀಸರು, ಫೋಟೋದಲ್ಲಿ ನೀವು ಆರಿಸಿದ್ದೂ ಇವನನ್ನೇ ಅಂತ ಹೇಳಿಬಿಟ್ಟರು.

ಅಲ್ಲಿಗೆ ಆ ಅನುಮಾನದ ಕಥೆ ಮುಗಿಯಿತು. 1985ರ ಜನವರಿಯಲ್ಲಿ ಜೆನಿಫರ್ ಕೋರ್ಟಿನಲ್ಲಿ ನಿಂತು ಇವನೇ ಅಂತ ತೋರಿಸಿದಾಗ ದನಿಯಲ್ಲಿ ಚೂರೂ ಅಳುಕಿರಲಿಲ್ಲ. ಕಾಟನ್‌ಗೆ ಜೀವಾವಧಿ, ಅದರ ಮೇಲೆ 50 ವರ್ಷ.

ಜೈಲಲ್ಲಿ ಬಾಬಿ ಪೂಲ್ ಅನ್ನುವವನು ಸಿಕ್ಕಿದ. ಅಂಥದ್ದೇ ಕೇಸಿನಲ್ಲಿ ಬಂದವನು. ಇಬ್ಬರಿಗೂ ಎಷ್ಟು ಹೋಲಿಕೆ ಅಂದರೆ ಜೈಲಿನವರೇ ಒಬ್ಬನನ್ನು ಇನ್ನೊಬ್ಬನ ಹೆಸರಲ್ಲಿ ಕರೆಯುತ್ತಿದ್ದರಂತೆ. ಆ ಅತ್ಯಾಚಾರ ಮಾಡಿದ್ದು ತಾನೇ ಅಂತ ಪೂಲ್ ಬೇರೆ ಕೈದಿಗಳ ಹತ್ತಿರ ಕೊಚ್ಚಿಕೊಂಡಿದ್ದ. ಮೇಲ್ಮನವಿ ಗೆದ್ದು 1987ರಲ್ಲಿ ಮರುವಿಚಾರಣೆ ಆಯಿತು. ಪೂಲ್‌ನನ್ನು ಕೋರ್ಟಿಗೆ ಕರೆತಂದು, ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ಜನರ ತಂಡ) ಇಲ್ಲದಾಗ, ಇಬ್ಬರೂ ಮಹಿಳೆಯರಿಗೆ ತೋರಿಸಿದರು. ಇವನನ್ನು ನೋಡೇ ಇಲ್ಲ ಅಂದರು ಇಬ್ಬರೂ. ಮೊದಲು ಬೇರೆಯವನನ್ನು ತೋರಿಸಿದ್ದ ಎರಡನೇ ಮಹಿಳೆ ಕೂಡ ಈಗ ಕಾಟನ್ ಕಡೆಗೇ ಕೈ ತೋರಿಸಿದರು. ಶಿಕ್ಷೆ ಇನ್ನೂ ಜಾಸ್ತಿಯಾಯಿತು, ಎರಡೂ ಅತ್ಯಾಚಾರ ಅವನ ತಲೆಗೆ ಬಂತು.

1995ರಲ್ಲಿ ಡಿಎನ್‌ಎ ಪರೀಕ್ಷೆ. ಅಪರಾಧಿ ಪೂಲ್. ಜೂನ್ 30ಕ್ಕೆ ಕಾಟನ್ ಹೊರಗೆ ಬಂದ, ಹತ್ತೂವರೆ ವರ್ಷ ಆದ ಮೇಲೆ.

ಹೇಳಿ, ಇದರಲ್ಲಿ ಸುಳ್ಳು ಹೇಳಿದವರು ಯಾರು? ಪಾಟೀಸವಾಲಿನಲ್ಲಿ ಸುಳ್ಳು ಸಾಕ್ಷಿಯನ್ನು ಹಿಡಿಯಬಹುದು. ಮನಸ್ಸಾರೆ ನಂಬಿ ತಪ್ಪು ಹೇಳುವವರನ್ನು ಹೇಗೆ ಹಿಡೀತೀರಿ?

ಬಿಸಿಬೇಳೆ:
ಕಥೆ ಚೆನ್ನಾಗಿದೆ ಗುರು. ಆದರೆ ಅದು ಅಮೆರಿಕ. ಬಿಳಿ ಹುಡುಗಿ, ಕರಿಯ ಆರೋಪಿ, ಎಂಬತ್ತರ ದಶಕ. ನಮ್ಮಲ್ಲಿ ಸಮಸ್ಯೆ ಇದರ ಉಲ್ಟಾ. ಹತ್ತು ಜನರ ಎದುರು ಕೊಲೆ ಆಗಿರುತ್ತದೆ, ಕೋರ್ಟಿಗೆ ಬರುವ ಹೊತ್ತಿಗೆ ಹತ್ತೂ ಜನ ಹಾಸ್ಟೈಲ್, ಅಂದರೆ ಮಾತು ತಿರುಗಿಸಿಬಿಟ್ಟಿರುತ್ತಾರೆ. ಇದ್ದ ಒಬ್ಬ ಸಾಕ್ಷಿಯನ್ನೂ "ನಿಂಗೆ ಕಣ್ಣು ಸರಿ ಇದೆಯಾ" ಅಂತ ಅನುಮಾನ ಪಟ್ಟರೆ ಯಾರಿಗೂ ಶಿಕ್ಷೆ ಆಗಲ್ಲ.

ಕ್ಯಾರಿ ಕನ್ನಡಿಗ:
ಬಣ್ಣದ ವಿಷಯ ನಿಜ. ಬೇರೆ ಜನಾಂಗದ ಮುಖ ಗುರುತು ಹಿಡಿಯುವುದರಲ್ಲಿ ಎಲ್ಲರೂ ಸ್ವಲ್ಪ ಹಿಂದೆಯೇ, ಅದು ಸಾಬೀತಾದ ಸಂಗತಿ. ಆದರೆ ಪೂಲ್ ಕೂಡ ಕರಿಯನೇ. ಮತ್ತೆ ಇದು ಒಂದೇ ಕೇಸಲ್ಲ. ಇಲ್ಲಿ ಇನ್ನೊಸೆನ್ಸ್ ಪ್ರಾಜೆಕ್ಟ್ ಅಂತ 1992ರಲ್ಲಿ ಶುರುವಾದ ಸಂಸ್ಥೆ ಇದೆ. ಡಿಎನ್‌ಎಯಿಂದ ನಿರಪರಾಧಿ ಅಂತ ಸಾಬೀತಾದ 375 ಕೇಸುಗಳ ಲೆಕ್ಕ ಅವರು ಕೊಟ್ಟಿದ್ದಾರೆ. ಅದರಲ್ಲಿ ಸುಮಾರು 69% ಕೇಸಲ್ಲಿ ಪ್ರತ್ಯಕ್ಷ ಸಾಕ್ಷಿ ತಪ್ಪು ವ್ಯಕ್ತಿಯನ್ನು ಗುರುತಿಸಿದ್ದರು. ಡಿಎನ್‌ಎ ಸಿಗುವಂಥ ಕೇಸುಗಳೇ ಕಡಿಮೆ ಅನ್ನೋದು ನೆನಪಿರಲಿ. ಸರಗಳ್ಳತನದಲ್ಲಿ ಎಲ್ಲಿಂದ ತರ್ತೀರಿ ಡಿಎನ್‌ಎ?

ಕರಿಕೋಟು:
@ಬಿಸಿಬೇಳೆ ಅಮೆರಿಕ ಬಿಡಿ. ನಮ್ಮ ಪಕ್ಕದ ಮಹಾರಾಷ್ಟ್ರಕ್ಕೆ ಬನ್ನಿ. ಹೆಸರು ಕೇಳಿದ ಮೇಲೆ ನೀವೇ ಹುಡುಕಿ ಓದಿ: ಅಂಕುಶ್ ಮಾರುತಿ ಶಿಂಧೆ ವಿರುದ್ಧ ಮಹಾರಾಷ್ಟ್ರ ಸರ್ಕಾರ.

2003ರ ಜೂನ್, ನಾಸಿಕ್ ಜಿಲ್ಲೆ. ಸೀಬೆ ತೋಟದ ಗುಡಿಸಲಿನಲ್ಲಿದ್ದ ಕುಟುಂಬದ ಮೇಲೆ ರಾತ್ರಿ ದರೋಡೆಕೋರರು ಬಿದ್ದರು. ಐದು ಜನರನ್ನು ಕೊಂದರು. ತಾಯಿ, ಮಗ ಇಬ್ಬರೇ ಬದುಕಿ ಉಳಿದದ್ದು. ಅವರ ಸಾಕ್ಷಿಯ ಮೇಲೆ ಆರು ಜನ ಅಲೆಮಾರಿ ಕೂಲಿಗಳಿಗೆ 2006ರಲ್ಲಿ ಸೆಷನ್ಸ್ ಕೋರ್ಟು ಮರಣದಂಡನೆ ಕೊಟ್ಟಿತು. ಹೈಕೋರ್ಟು ಮೂವರಿಗೆ ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟು ಏನು ಮಾಡಿತು ಗೊತ್ತಾ? ಇಳಿಸಿದ್ದು ತಪ್ಪು ಅಂತ ಆರೂ ಜನಕ್ಕೆ ಮತ್ತೆ ನೇಣು ಅಂತು.

ಹತ್ತು ವರ್ಷ ಆದ ಮೇಲೆ, 2019ರ ಮಾರ್ಚ್ 5ರಂದು, ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ಖುಲಾಸೆ ಮಾಡಿತು. ಮೂವರು ನ್ಯಾಯಮೂರ್ತಿಗಳ ಪೀಠ, ಅದರಲ್ಲಿ ಒಬ್ಬರು ನಮ್ಮ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಝೀರ್. ಯಾಕೆ ಖುಲಾಸೆ? ಘಟನೆಯಾದ ಎರಡೇ ದಿನಕ್ಕೆ ಆ ತಾಯಿಗೆ ಪೊಲೀಸರು ಫೋಟೋ ತೋರಿಸಿದ್ದರು. ಆಕೆ ಅದರಲ್ಲಿ ನಾಲ್ವರನ್ನು ಗುರುತಿಸಿದ್ದರು. ಅದು ದಾಖಲೆಯಲ್ಲೂ ಇತ್ತು. ಆ ನಾಲ್ವರು ಈ ಆರು ಜನರಲ್ಲಿ ಒಬ್ಬರೂ ಅಲ್ಲ! ಆ ನಾಲ್ವರ ಮೇಲೆ ಚಾರ್ಜ್‌ಶೀಟೇ ಆಗಲಿಲ್ಲ. ಮುಂದೆ ಗುರುತು ಪೆರೇಡ್‌ನಲ್ಲಿ (ಆರೋಪಿಯನ್ನು ಬೇರೆಯವರ ಜೊತೆ ಸಾಲಲ್ಲಿ ನಿಲ್ಲಿಸಿ ಸಾಕ್ಷಿಗೆ ತೋರಿಸೋದು), ಕೋರ್ಟಿನಲ್ಲಿ ಈ ಆರು ಜನರ ಕಡೆ ಬೆರಳು ತಿರುಗಿತು. ಮೂರು ಕೋರ್ಟು ದಾಟಿದರೂ ಆ ಹಾಳೆಯನ್ನು ಯಾರೂ ಗಂಭೀರವಾಗಿ ನೋಡಲಿಲ್ಲ.

ಹದಿನಾರು ವರ್ಷ ಜೈಲು. ಒಬ್ಬ ಘಟನೆಯ ಹೊತ್ತಿಗೆ ಇನ್ನೂ ಬಾಲಕ ಅಂತ ಆಮೇಲೆ ಗೊತ್ತಾಯಿತು. ತಲಾ 5 ಲಕ್ಷ ಪರಿಹಾರ ಕೊಡಿ, ತನಿಖೆ ಕೆಡಿಸಿದ ಅಧಿಕಾರಿಗಳನ್ನು ಪತ್ತೆ ಮಾಡಿ ಅಂತ ಕೋರ್ಟು ಹೇಳಿತು.

ಕಾಟನ್ ಕೇಸಿಗೂ ಇದಕ್ಕೂ ಎಲ್ಲಿ ಸಂಬಂಧ ಅಂದರೆ, ಮೊದಲ ದಿನದ ಮಾತು. ಅಲ್ಲಿ 4ರ ಮೇಲೆ ಬಂದ ಅನುಮಾನ ಜ್ಯೂರಿಯ ಮುಂದೆ ಅನುಮಾನವಾಗಿ ಬರಲೇ ಇಲ್ಲ. ಇಲ್ಲಿ ಬೇರೆ ನಾಲ್ವರನ್ನು ತೋರಿಸಿದ್ದು ಫೈಲಿನ ಒಳಗೆ ಹೂತುಹೋಯಿತು. ಸಾಕ್ಷಿ ತಪ್ಪು ಮಾಡೋದು ಮನುಷ್ಯ ಸಹಜ. ಆ ತಪ್ಪಿನ ಗುರುತನ್ನು ಕಾಗದದಿಂದ ಅಳಿಸಿ ಹಾಕೋದು ನಾವು, ಅಂದರೆ ಪೊಲೀಸರು, ವಕೀಲರು, ಕೋರ್ಟು.

ಹರಟೆಮಲ್ಲ:
ಮೂರು ಕೋರ್ಟು?! ಓದ್ತಾ ಕೈ ನಡುಗಿತು.

ನಿವೃತ್ತ ಖಾಕಿ:
ಮೂವತ್ತು ವರ್ಷಕ್ಕೂ ಜಾಸ್ತಿ ಇಲಾಖೆಯಲ್ಲಿ ಇದ್ದವನು ನಾನು. ನಮ್ಮ ಕಡೆಯ ಮಾತನ್ನೂ ಒಂದಿಷ್ಟು ಕೇಳಿ.

ಮೊದಲನೆಯದು, ನಮ್ಮ ಹಳ್ಳಿ ಕೇಸುಗಳಲ್ಲಿ ಗುರುತಿನ ಸಮಸ್ಯೆಯೇ ಕಡಿಮೆ. ಹೊಡೆದವನು ದಾಯಾದಿ, ಇಲ್ಲಾ ಪಕ್ಕದ ಜಮೀನಿನವನು. ಹೆಸರಿಟ್ಟು ದೂರು ಬರುತ್ತದೆ. ಅಲ್ಲಿ ಸಾಕ್ಷಿ ಸುಳ್ಳು ಹೇಳಬಹುದು, ಮುಖ ತಪ್ಪೋದು ಅಪರೂಪ. ಮುಖ ತಪ್ಪೋದು ದರೋಡೆ, ಸರಗಳ್ಳತನ, ಗಲಭೆ ಇಂಥದ್ದರಲ್ಲಿ, ಅಂದರೆ ಮಾಡಿದವನು ಅಪರಿಚಿತ ಆಗಿದ್ದಾಗ. ಅದಕ್ಕೇ ಗುರುತು ಪೆರೇಡ್ ಇರೋದು.

ಪೆರೇಡ್ ಪೊಲೀಸರು ಮಾಡಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು, ತಾಲ್ಲೂಕು ದಂಡಾಧಿಕಾರಿಯಾಗಿ, ಜೈಲಿಗೆ ಬಂದು ಮಾಡ್ತಾರೆ. ನಾವು ಮನವಿ ಕೊಟ್ಟು ದಿನ ಕೇಳಬೇಕು. ಅವರಿಗೆ ಚುನಾವಣೆ, ಬರ, ಪಹಣಿ, ಸಚಿವರ ಪ್ರವಾಸ. ದಿನ ಸಿಗೋ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಅಲ್ಲೀವರೆಗೆ ಆರೋಪಿಯ ಮುಖ ಯಾರಿಗೂ ಕಾಣಬಾರದು ಅಂತ ಬಟ್ಟೆ ಮುಚ್ಚಿ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ. ಅಷ್ಟರಲ್ಲಿ ಟಿವಿಯವರಿಗೆ ಎಲ್ಲಿಂದಲೋ ಫೋಟೋ ಸಿಕ್ಕಿರುತ್ತದೆ. ಈಗಂತೂ ವಾಟ್ಸಾಪ್. ಹಿಡಿದ ಅರ್ಧ ಗಂಟೆಗೆ ಊರಿಗೆಲ್ಲ ಮುಖ ಗೊತ್ತು. ಆಮೇಲೆ ಪೆರೇಡ್ ಮಾಡಿ ಏನು ಸುಖ?

ಇನ್ನು ಸಾಲಿಗೆ ಜನ ಸೇರಿಸೋದು. ಆರೋಪಿಯ ವಯಸ್ಸು, ಮೈಕಟ್ಟು, ಬಣ್ಣಕ್ಕೆ ಹೊಂದುವವರು ಬೇಕು. ಆರೋಪಿಯ ಹಣೆಯಲ್ಲಿ ಗಾಯದ ಗುರುತಿದ್ದರೆ? ಎಲ್ಲರ ಹಣೆಗೂ ಅದೇ ಜಾಗದಲ್ಲಿ ಕಾಗದದ ಚೂರು ಅಂಟಿಸಬೇಕು. ಒಳ್ಳೆ ತಹಶೀಲ್ದಾರರು ಅದನ್ನೂ ಮಾಡಿಸಿದ್ದಾರೆ, ಶರ್ಟು ಬದಲಾಯಿಸಿ, ಒಬ್ಬ ಸಾಕ್ಷಿ ಹೋದ ಮೇಲೆ ಸಾಲಿನ ಜಾಗ ಬದಲಾಯಿಸಿ. ಹಾಗಲ್ಲದ್ದನ್ನೂ ನೋಡಿದ್ದೇನೆ. ಗಡ್ಡ ಬಿಟ್ಟ ಆರೋಪಿ ಒಬ್ಬ, ಪಕ್ಕದಲ್ಲಿ ಐದು ಜನ ನುಣ್ಣಗೆ ಶೇವ್ ಮಾಡಿದವರು.

ಕರಿಕೋಟು:
ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಸೇರಿಸ್ತೀನಿ. ಪೆರೇಡ್‌ನಲ್ಲಿ ಗುರುತಿಸಿದ್ದು ನಮ್ಮ ಕಾನೂನಲ್ಲಿ ಮೂಲ ಸಾಕ್ಷ್ಯ ಅಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಗುರುತಿಸಿದ್ದೇ ಮೂಲ ಸಾಕ್ಷ್ಯ, ಪೆರೇಡ್ ಅದಕ್ಕೆ ಬೆಂಬಲ ಮಾತ್ರ. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 9ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 7. ಆರೋಪಿಯನ್ನು ಪೆರೇಡ್‌ಗೆ ನಿಲ್ಲಿಸುವ ಅಧಿಕಾರ ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 54ಎ, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 54.

ಈ ಮೂಲ ಸಾಕ್ಷ್ಯ ಹೇಗೆ ನಡೆಯುತ್ತದೆ ಅಂತ ಕೋರ್ಟು ನೋಡದವರಿಗೆ ಹೇಳ್ತೀನಿ. ಘಟನೆ ಆಗಿ ಮೂರ್ನಾಲ್ಕು ವರ್ಷ ಆಗಿರುತ್ತದೆ. ಸಾಕ್ಷಿ ಕಟಕಟೆ ಹತ್ತುತ್ತಾರೆ. ಹಿಂದುಗಡೆ ಆರೋಪಿಗಳ ಜಾಗದಲ್ಲಿ ಇಬ್ಬರು ನಿಂತಿದ್ದಾರೆ, ಪಕ್ಕದಲ್ಲೇ ಬೆಂಗಾವಲು ಪೇದೆ. ಉಳಿದವರೆಲ್ಲ ಕರಿಕೋಟು ಹಾಕಿದವರು ಇಲ್ಲಾ ಬೆಂಚಿನ ಮೇಲೆ ಕೂತವರು. ಪಿಪಿ, ಅಂದರೆ ಸರ್ಕಾರಿ ವಕೀಲರು, ಕೇಳ್ತಾರೆ, "ಅಂದು ಚಾಕು ತೋರಿಸಿದವರು ಇಂದು ನ್ಯಾಯಾಲಯದಲ್ಲಿ ಇದ್ದಾರೆಯೇ?" ಯಾರನ್ನು ತೋರಿಸ್ತಾರೆ ಹೇಳಿ. ನಾನೇ ಇದ್ದ ಒಂದು ಸರಗಳ್ಳತನದ ಕೇಸಿನಲ್ಲಿ ವಯಸ್ಸಾದ ತಾಯಿ ಒಬ್ಬರು ಕನ್ನಡಕ ತೆಗೆದರು, ಸೆರಗಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. "ಇವನೇ ಇರಬೇಕಪ್ಪ... ಅವಾಗ ಸಣ್ಣಕ್ಕಿದ್ದ" ಅಂದರು. ಅವರ ಬಾಯಿಂದ ಬಂದ ಆ "ಇರಬೇಕಪ್ಪ"ವೂ, ಕನ್ನಡಕ ಒರೆಸಿದ ಆ ಅರ್ಧ ನಿಮಿಷವೂ ಎಲ್ಲಿ ಹೋಯಿತು ಗೊತ್ತಾ? ಟೈಪ್ ಆದದ್ದು ಒಂದು ಸಾಲು: "ಸಾಕ್ಷಿಯು 1ನೇ ಆರೋಪಿಯನ್ನು ಗುರುತಿಸಿದರು." ನಾನು ಎದ್ದು ಆಕ್ಷೇಪ ಹೇಳಿದ ಮೇಲೆ "ಸ್ವಲ್ಪ ಸಮಯ ತೆಗೆದುಕೊಂಡು" ಅಂತ ಸೇರಿತು. ಹೈಕೋರ್ಟಿನಲ್ಲಿ ಮೇಲ್ಮನವಿ ಓದುವವರ ಕೈಗೆ ಸಿಗೋದು ಆ ಸಾಲು ಅಷ್ಟೇ.

ಪೆರೇಡ್ ಇಲ್ಲದೆ ಅಪರಿಚಿತನನ್ನು ಮೊದಲ ಸಲ ಕೋರ್ಟಿನಲ್ಲೇ ಗುರುತಿಸಿದರೆ ಅದಕ್ಕೆ ಬೆಲೆ ಇಲ್ಲ ಅಂತ ಸುಪ್ರೀಂ ಕೋರ್ಟು 1979ರಲ್ಲೇ ಕಣ್ಣನ್ ಕೇಸಿನಲ್ಲಿ ಹೇಳಿದೆ. 2003ರ ಮಲ್ಖಾನ್‌ಸಿಂಗ್ ಕೇಸಿನಲ್ಲಿ, ಪೆರೇಡ್ ಆಗದಿದ್ದರೂ ನಂಬಿಕೆ ಬಂದರೆ ಒಪ್ಪಬಹುದು ಅಂತಲೂ ಹೇಳಿದೆ. ಎರಡೂ ತೀರ್ಪು ಜೇಬಲ್ಲಿಟ್ಟುಕೊಂಡು ಎರಡೂ ಕಡೆಯವರು ಬರ್ತೀವಿ :)

ಹರಟೆಮಲ್ಲ:
ಇದಕ್ಕೆ ಸುಲಭ ದಾರಿ ಇದೆಯಲ್ಲ. ಒಬ್ಬರ ಮಾತಿಗೆ ಶಿಕ್ಷೆ ಬೇಡ, ಕಡ್ಡಾಯವಾಗಿ ಮೂರು ಸಾಕ್ಷಿ ಬೇಕು ಅಂತ ಮಾಡಲಿ. ಮೂವರೂ ಒಟ್ಟಿಗೆ ತಪ್ಪು ಮಾಡ್ತಾರಾ?

ಕರಿಕೋಟು:
ಇಷ್ಟೇ ಸಾಕ್ಷಿ ಬೇಕು ಅಂತ ನಮ್ಮಲ್ಲಿ ಇಲ್ಲ, ಒಬ್ಬರಾದರೂ ಸಾಕು. ಗುಂಪು ಗಲಭೆಯಲ್ಲಿ ಮಾತ್ರ ಸುಪ್ರೀಂ ಕೋರ್ಟಿನ ಮಸಲ್ತಿ ಕೇಸಿನ ತೀರ್ಪಿನಿಂದ ಈಚೆಗೆ ಒಬ್ಬ ಆರೋಪಿಯ ಬಗ್ಗೆ ಕನಿಷ್ಠ ಇಬ್ಬರು ಮೂವರು ಹೇಳಿರಬೇಕು ಅನ್ನೋ ಅಳತೆ ಬಳಸ್ತಾರೆ.

ಹಳೇ ಕಾಗದ:
@ಹರಟೆಮಲ್ಲ ಮೂವರಲ್ಲ ಸ್ವಾಮಿ, ಹತ್ತು ಜನ ಒಟ್ಟಿಗೆ ತಪ್ಪು ಮಾಡಿದ್ದಾರೆ. ಲಂಡನ್ನಿನ ಅಡಾಲ್ಫ್ ಬೆಕ್ ಕೇಸು ಕೇಳಿದ್ದೀರಾ? ನನಗೆ ಹಳೇ ಕೇಸುಗಳ ಹುಚ್ಚು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

1895ರ ಡಿಸೆಂಬರ್‌ನಲ್ಲಿ ಬೆಕ್ ತನ್ನ ಮನೆ ಬಾಗಿಲಿಂದ ಬೀದಿಗೆ ಇಳಿದ. ಒಬ್ಬ ಹೆಂಗಸು ಅಡ್ಡ ಹಾಕಿ, ನನ್ನ ವಾಚು ಉಂಗುರ ಕದ್ದವನು ನೀನೇ ಅಂದಳು. ದೊಡ್ಡ ಶ್ರೀಮಂತನ ಸೋಗು ಹಾಕಿ, ಹೆಂಗಸರಿಗೆ ಕೆಲಸ ಕೊಡ್ತೀನಿ ಅಂತ ನಂಬಿಸಿ, ಒಡವೆ ತಗೊಂಡು ಪರಾರಿಯಾಗುವವನೊಬ್ಬ ಆಗ ಇದ್ದ. ಹಾಗೆ ಮೋಸ ಹೋದವರನ್ನೆಲ್ಲ ಕರೆಸಿದರು. ಹತ್ತು ಜನರಷ್ಟು ಹೆಂಗಸರು ಬೆಕ್‌ನನ್ನೇ ತೋರಿಸಿದರು. 1877ರಲ್ಲಿ ಇದೇ ಮೋಸಕ್ಕೆ ಜಾನ್ ಸ್ಮಿತ್ ಅನ್ನುವವನು ಜೈಲಿಗೆ ಹೋಗಿದ್ದ. ಆಗಿನ ಪೊಲೀಸನೊಬ್ಬ ಬಂದು, ಆ ಸ್ಮಿತ್ ಇವನೇ ಅಂತ ಹೇಳಿದ. ಆ ಕಾಲಕ್ಕೆ ತಾನು ದಕ್ಷಿಣ ಅಮೆರಿಕದಲ್ಲಿದ್ದೆ ಅಂತ ಬೆಕ್ ಬಡಕೊಂಡ, ಅದನ್ನು ಜ್ಯೂರಿ ಮುಂದೆ ಬರಲು ಜಡ್ಜು ಬಿಡಲಿಲ್ಲ. ಏಳು ವರ್ಷ ಶಿಕ್ಷೆ.

ತಮಾಷೆ ಕೇಳಿ. 1898ರಲ್ಲಿ ಸರ್ಕಾರದವರು ಹಳೇ ದಾಖಲೆ ತೆಗೆದು ನೋಡಿದರೆ ಸ್ಮಿತ್ ಯಹೂದಿ, ಸುನ್ನತಿ ಆದವನು. ಬೆಕ್‌ಗೆ ಆಗಿರಲಿಲ್ಲ. ಇಬ್ಬರೂ ಬೇರೆ ಬೇರೆ ಅಂತ ಇದಕ್ಕಿಂತ ಸಾಬೀತು ಬೇಕಾ? ಬಿಡುಗಡೆ ಮಾಡಲಿಲ್ಲ, ಕೈದಿ ನಂಬರ್ ಬದಲಾಯಿಸಿದರು ಅಷ್ಟೆ! 1901ರಲ್ಲಿ ಹೊರಗೆ ಬಂದ. 1904ರಲ್ಲಿ ಅದೇ ಥರದ ದೂರಿನ ಮೇಲೆ ಮತ್ತೆ ಹಿಡಿದರು, ಮತ್ತೆ ಹೆಂಗಸರು ಗುರುತಿಸಿದರು, ಮತ್ತೆ ಅಪರಾಧಿ ಅಂತಾಯಿತು. ಶಿಕ್ಷೆ ಎಷ್ಟು ಅಂತ ಹೇಳುವ ಮೊದಲೇ, ಬೆಕ್ ಒಳಗಿದ್ದಾಗಲೇ, ಅಸಲಿ ಸ್ಮಿತ್ ಇನ್ನೊಂದು ಮೋಸದಲ್ಲಿ ಸಿಕ್ಕಿಬಿದ್ದ. ಬೆಕ್‌ಗೆ ಕ್ಷಮಾದಾನ, 5,000 ಪೌಂಡ್. ಈ ಗಲಾಟೆಯಿಂದಲೇ ಇಂಗ್ಲೆಂಡಿನಲ್ಲಿ 1907ರಲ್ಲಿ ಕ್ರಿಮಿನಲ್ ಮೇಲ್ಮನವಿಗೆ ಬೇರೆ ಕೋರ್ಟು ಬಂತು.

ಎಲ್ಲರಿಗೂ ಒಂದೇ ಮುಖ ತೋರಿಸಿ, ಒಬ್ಬೊಬ್ಬರಾಗಿ "ಇವನೇನಾ" ಅಂತ ಕೇಳಿದರೆ ಹತ್ತೂ ಜನ ಒಂದೇ ತಪ್ಪು ಮಾಡ್ತಾರೆ. ತಲೆ ಎಣಿಸಿ ಪ್ರಯೋಜನ ಇಲ್ಲ.

ಸುಮಾ ಟೀಚರ್:
ನಾನು ಪಿಯುಸಿಗೆ ಮನಃಶಾಸ್ತ್ರ ಪಾಠ ಮಾಡ್ತೀನಿ. @ಕ್ಯಾರಿ ಕನ್ನಡಿಗ, ಪೊಲೀಸರ ಒಂದು ಮಾತಿಂದ ಜೆನಿಫರ್ ಅನುಮಾನ ಹೋಯಿತು ಅನ್ನೋ ಹಾಗೆ ಬರೆದಿದ್ದೀರಲ್ಲ, ಅದನ್ನೇ ಪರೀಕ್ಷಿಸಿದ ಪ್ರಯೋಗ ಇದೆ. 1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಆಮಿ ಬ್ರಾಡ್‌ಫೀಲ್ಡ್ ಮಾಡಿದ್ದು. ಜನರಿಗೆ ಒಬ್ಬ ಅಪರಾಧಿಯ ಮಸುಕು ವಿಡಿಯೋ ತೋರಿಸಿದರು. ಆಮೇಲೆ ಕೆಲವು ಫೋಟೋ ಕೊಟ್ಟು ಇದರಲ್ಲಿ ಯಾರು ಅಂತ ಕೇಳಿದರು. ನಿಜವಾದವನ ಫೋಟೋ ಅದರಲ್ಲಿ ಇಡಲೇ ಇಲ್ಲ. ಎಲ್ಲರೂ ಯಾರನ್ನೋ ಒಬ್ಬರನ್ನು ಆರಿಸಿದರು, ಅಂದರೆ ಎಲ್ಲರೂ ತಪ್ಪು. ಕೆಲವರಿಗೆ ಮಾತ್ರ, ಭೇಷ್, ಸರಿಯಾದವನನ್ನೇ ಗುರುತಿಸಿದಿರಿ ಅನ್ನುವಂತೆ ಹೇಳಿದರು. ಅವರು ಆಮೇಲೆ ಏನಂದರು? ನನಗೆ ಮೊದಲಿಂದಲೂ ಖಾತ್ರಿ ಇತ್ತು ಅಂದರು. ವಿಡಿಯೋದಲ್ಲಿ ಮುಖ ಚೆನ್ನಾಗಿ ಕಾಣುತ್ತಿತ್ತು ಅಂತಲೂ ಅಂದರು! ಏನೂ ಹೇಳಿಸಿಕೊಳ್ಳದವರು ಅದೇ ವಿಡಿಯೋ ಸರಿಯಾಗಿ ಕಾಣಲಿಲ್ಲ ಅಂತಿದ್ದರು.

ಅಂದರೆ ಒಂದು ಶಭಾಷ್‌ಗಿರಿ ಈಗಿನ ನಂಬಿಕೆಯನ್ನಷ್ಟೇ ಅಲ್ಲ, ಹಿಂದೆ ನೋಡಿದ್ದರ ನೆನಪನ್ನೂ ತಿದ್ದುತ್ತದೆ. ಜಡ್ಜು "ಆ ದಿನ ಬೆಳಕು ಇತ್ತಾ, ಎಷ್ಟು ದೂರ, ಎಷ್ಟು ಹೊತ್ತು ನೋಡಿದಿರಿ" ಅಂತ ಕೇಳ್ತಾರಲ್ಲ, ಅದಕ್ಕೆ ಬರುವ ಉತ್ತರವೂ ಆ ಹೊತ್ತಿಗೆ ಕಲಬೆರಕೆ ಆಗಿರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1972 ಮತ್ತು 1977ರ ತೀರ್ಪುಗಳಲ್ಲಿ ಸಾಕ್ಷಿಯ ಖಾತ್ರಿಯನ್ನೇ ನಂಬಿಕೆಯ ಒಂದು ಅಳತೆ ಮಾಡಿಬಿಟ್ಟಿತ್ತು.

ಇನ್ನೊಂದು, ಮಕ್ಕಳಿಗೆ ಹೇಳಿದರೆ ಕಿಸಕ್ ಅಂತ ನಗ್ತಾರೆ. ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್. 1970ರ ದಶಕದಲ್ಲಿ ಅವರನ್ನು ಅತ್ಯಾಚಾರದ ಆರೋಪದ ಮೇಲೆ ಹಿಡಿದರು, ಸಂತ್ರಸ್ತೆ ಅವರನ್ನೇ ತೋರಿಸಿದ್ದರು. ಆದರೆ ಘಟನೆ ನಡೆದ ಹೊತ್ತಿಗೆ ಥಾಮ್ಸನ್ ಟಿವಿಯ ನೇರ ಪ್ರಸಾರದಲ್ಲಿ ಕೂತಿದ್ದರು. ಆಕೆಯ ಮನೆಯಲ್ಲಿ ಆಗ ಟಿವಿ ಓಡುತ್ತಿತ್ತು. ಪರದೆಯ ಮೇಲಿನ ಮುಖ ಹೋಗಿ ದಾಳಿಕೋರನ ಮುಖಕ್ಕೆ ಕೂತುಬಿಟ್ಟಿದೆ. ಅವರು ಟಿವಿಯಲ್ಲಿ ಮಾತಾಡುತ್ತಿದ್ದ ವಿಷಯ, ಸಾಕ್ಷಿಗಳ ನೆನಪಿನ ಶಕ್ತಿ!

ವಿದ್ಯಾ:
ಎಲ್ಲ ಓದಿದೆ. ನನಗೊಂದು ಕಸಿವಿಸಿ ಇದೆ, ನೇರ ಹೇಳ್ತೀನಿ. ಇಲ್ಲಿ ಬಂದ ಅರ್ಧ ಉದಾಹರಣೆ ಅತ್ಯಾಚಾರದ್ದು. ಮೊದಲೇ ಹೆಣ್ಣುಮಕ್ಕಳು ದೂರು ಕೊಟ್ಟರೆ ಸುಳ್ಳು ಅಂತಾರೆ. ಈಗ "ಪಾಪ, ಸುಳ್ಳಲ್ಲ, ಆದರೆ ಅವಳ ನೆನಪೇ ಸರಿ ಇಲ್ಲ" ಅಂತ ಹೊಸ ಅಸ್ತ್ರ ಕೊಟ್ಟ ಹಾಗಾಗಲ್ವಾ? ನಾಳೆ ಯಾವನೋ ಇದೇ ಚರ್ಚೆಯ ಸ್ಕ್ರೀನ್‌ಶಾಟ್ ಹಿಡ್ಕೊಂಡು ಬರ್ತಾನೆ.

ಕ್ಯಾರಿ ಕನ್ನಡಿಗ:
ವಿದ್ಯಾ ಅವರೇ, ನ್ಯಾಯವಾದ ಪ್ರಶ್ನೆ. ಎರಡು ವಿಷಯ ಬೇರೆ ಮಾಡಿ ನೋಡಬೇಕು. ಅಪರಾಧ ನಡೆದಿದೆಯಾ ಅನ್ನೋದು ಒಂದು. ಮಾಡಿದ ಅಪರಿಚಿತ ಯಾರು ಅನ್ನೋದು ಇನ್ನೊಂದು. ಕಾಟನ್ ಕೇಸಿನಲ್ಲಿ ಜೆನಿಫರ್ ಹೇಳಿದ ಘಟನೆಯ ಒಂದು ಅಕ್ಷರವೂ ಸುಳ್ಳಾಗಲಿಲ್ಲ. ದಾಳಿಕೋರ ಪರಿಚಯದವನೇ ಆಗಿದ್ದರೆ ಈ ಚರ್ಚೆಗೆ ಜಾಗವೇ ಇಲ್ಲ, ಹೆಚ್ಚಿನ ಅತ್ಯಾಚಾರ ಕೇಸುಗಳಲ್ಲಿ ಪರಿಚಯದವನೇ.

ತಪ್ಪು ಗುರುತಿನಿಂದ ಸಂತ್ರಸ್ತೆಗೂ ನಷ್ಟ. ಕಾಟನ್‌ನನ್ನು ಹಿಡಿದು ಕೇಸು ಮುಗೀತು ಅಂದುಕೊಂಡ ಮೇಲೂ ಪೂಲ್ ಹೊರಗೆ ಓಡಾಡಿಕೊಂಡಿದ್ದ, ಬೇರೆ ಹೆಂಗಸರ ಮೇಲೂ ದಾಳಿ ಮಾಡಿದ. ಜೆನಿಫರ್ 1997ರಲ್ಲಿ ಕಾಟನ್‌ರನ್ನು ಒಂದು ಚರ್ಚಿನಲ್ಲಿ ಭೇಟಿಯಾದರು. ಆಮೇಲೆ ಇಬ್ಬರೂ ಸೇರಿ ಪುಸ್ತಕ ಬರೆದರು, ಕಾನೂನು ಬದಲಾಗಲಿ ಅಂತ ಊರೂರು ತಿರುಗಿದರು. ಆ ಕೇಸಿನ ತನಿಖಾಧಿಕಾರಿಯೇ ಮುಂದೆ ಬರ್ಲಿಂಗ್ಟನ್ ಪೊಲೀಸ್ ಮುಖ್ಯಸ್ಥರಾಗಿ ಅಲ್ಲಿಯ ಪದ್ಧತಿ ಬದಲಾಯಿಸಿದರು. 2007ರಲ್ಲಿ ಈ ರಾಜ್ಯದಲ್ಲಿ ಕಾನೂನೇ ಬಂತು. ಸಾಲು ತೋರಿಸುವ ಅಧಿಕಾರಿಗೆ ಆರೋಪಿ ಯಾರು ಅಂತ ಗೊತ್ತಿರಬಾರದು. ಅಪರಾಧಿ ಇದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು ಅಂತ ಸಾಕ್ಷಿಗೆ ಮೊದಲೇ ಹೇಳಬೇಕು. ಒಬ್ಬೊಬ್ಬರನ್ನೇ ತೋರಿಸಬೇಕು. ಎಷ್ಟು ಖಾತ್ರಿ ಅನ್ನೋದನ್ನು ಆ ಕ್ಷಣದಲ್ಲೇ ಸಾಕ್ಷಿಯ ಸ್ವಂತ ಮಾತಲ್ಲಿ ಬರೆದುಕೊಳ್ಳಬೇಕು. ಇದರಲ್ಲಿ ಸಂತ್ರಸ್ತೆಗೆ ಅವಮಾನ ಎಲ್ಲಿದೆ?

ವಿದ್ಯಾ:
ಕೊನೆಯದು ಒಪ್ಪುತ್ತೇನೆ. ಆದರೆ ಇದನ್ನು ಪಾಟೀಸವಾಲಿನಲ್ಲಿ ಹೇಗೆ ಬಳಸ್ತಾರೆ ಅನ್ನೋ ಭಯ ಹೋಗಿಲ್ಲ. ಪಕ್ಕಕ್ಕಿಡ್ತೀನಿ.

ಕಾಫಿ ತೋಟ:
ನಮ್ಮ ಕುಶಾಲನಗರದ ಕೇಸು ಯಾರೂ ಹೇಳಲಿಲ್ವಲ್ಲ! ಹೆಂಡತಿ ಕಾಣೆಯಾಗಿದ್ದಾಳೆ ಅಂತ ಗಂಡನೇ ದೂರು ಕೊಟ್ಟಿದ್ದ. ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದ್ದೇ ಅಂತ ಗಂಡನ ಮೇಲೆ ಕೊಲೆ ಕೇಸು. ಡಿಎನ್‌ಎ ಹೊಂದಲಿಲ್ಲ, ಆದರೂ ವಿಚಾರಣೆ ನಡೀತು. ಒಂದೂವರೆ ವರ್ಷದಷ್ಟು ಜೈಲಲ್ಲಿದ್ದ ಆ ಮನುಷ್ಯ. 2025ರ ಏಪ್ರಿಲ್‌ನಲ್ಲಿ ಸ್ನೇಹಿತರು ನೋಡಿದರೆ ಹೆಂಡತಿ ಮಡಿಕೇರಿಯ ಹೋಟೆಲಲ್ಲಿ ಊಟ ಮಾಡ್ತಾ ಕೂತಿದ್ದಾಳೆ. ಮೈಸೂರು ಕೋರ್ಟು ಆಮೇಲೆ ಖುಲಾಸೆ ಮಾಡಿತು. ಸತ್ತ ಆ ಇನ್ನೊಬ್ಬರು ಯಾರು ಅಂತ ಕೇಳುವವರೇ ಇಲ್ಲ ನೋಡಿ.

ಕರಿಕೋಟು:
ಅದು ಶಿಕ್ಷೆಯಾದ ಕೇಸಲ್ಲ, ಮುಖದ ಗುರುತೂ ಅಲ್ಲ, ಆದರೆ ರೋಗ ಒಂದೇ. "ಇದು ಅವಳೇ" ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟರೆ, ಉಲ್ಟಾ ಹೇಳುವ ವರದಿ ಕೈಗೆ ಬಂದರೂ ಕಣ್ಣಿಗೆ ಕಾಣಲ್ಲ.

ಬಿಸಿಬೇಳೆ:
ಸರಿ, ನಾಸಿಕ್ ಕೇಸು ಓದಿದ ಮೇಲೆ "ನಮ್ಮಲ್ಲಿ ಇಲ್ಲ" ಅಂತ ಹೇಳೋಕಾಗಲ್ಲ. ಆದರೂ ಕೇಳ್ತೀನಿ, ಹದಿನಾರು ವರ್ಷಕ್ಕೆ 5 ಲಕ್ಷನಾ? ತಿಂಗಳಿಗೆ ಲೆಕ್ಕ ಹಾಕಿದರೆ ಮೂರು ಸಾವಿರವೂ ಇಲ್ಲ.

ಕರಿಕೋಟು:
ಅದೂ ಕೋರ್ಟು ಮನಸ್ಸು ಮಾಡಿದ್ದಕ್ಕೆ ಸಿಕ್ಕಿದ್ದು. ತಪ್ಪಾಗಿ ಜೈಲಿಗೆ ಹಾಕಿದ್ದಕ್ಕೆ ಇಷ್ಟು ಪರಿಹಾರ ಅಂತ ಹೇಳುವ ಕಾನೂನು ನಮ್ಮಲ್ಲಿಲ್ಲ. 1983ರ ರುದುಲ್ ಸಾಹ್ ಕೇಸಿನಲ್ಲಿ, ಖುಲಾಸೆ ಆದ ಮೇಲೂ 14 ವರ್ಷ ಬಿಹಾರದ ಜೈಲಲ್ಲಿ ಕೊಳೆತವನಿಗೆ ಸುಪ್ರೀಂ ಕೋರ್ಟು 35,000 ರೂಪಾಯಿ ಕೊಡಿಸಿತು. ಗೂಢಚಾರಿಕೆಯ ಸುಳ್ಳು ಕೇಸಿನಲ್ಲಿ ಸಿಕ್ಕಿಸಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್‌ಗೆ 2018ರಲ್ಲಿ 50 ಲಕ್ಷ. ಅದೇ ವರ್ಷ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಇದಕ್ಕೊಂದು ಕಾಯ್ದೆ ಬೇಕು ಅಂತ ಹೇಳಿತು. ಹೊಸ ಮೂರು ಕ್ರಿಮಿನಲ್ ಕಾನೂನು ಬಂದವು, ಇದು ಬರಲಿಲ್ಲ. ಅಮೆರಿಕದಲ್ಲೂ ಸುಲಭ ಇರಲಿಲ್ಲ, ಕಾಟನ್‌ಗೆ ಮೊದಲು ಕೊಡಲು ಹೊರಟದ್ದು 5,000 ಡಾಲರ್, ಕಾನೂನು ಬದಲಾದ ಮೇಲೆ ಸುಮಾರು 1,10,000 ಆಯಿತು.

ನಿವೃತ್ತ ಖಾಕಿ:
ಇನ್ನೊಂದು ಮಾತು ಹೇಳಲೋ ಬೇಡವೋ ಅಂತ ಯೋಚಿಸ್ತಿದ್ದೆ. ಫೋಟೋ ಆಲ್ಬಂ. ಠಾಣೆಯ ಆಲ್ಬಂನಲ್ಲಿ ಯಾರ ಫೋಟೋ ಇರುತ್ತದೆ? ಎಂಒಬಿ ಆಸಾಮಿಗಳದ್ದು, ಅಂದರೆ ಹಳೇ ಕೇಸಿನವರದ್ದು. ಅದರಲ್ಲಿ ಅಲೆಮಾರಿ ಜನ ಎಷ್ಟು ಅಂತ ನೋಡಿದವರಿಗೆ ಗೊತ್ತು. ಬ್ರಿಟಿಷರು 1871ರಲ್ಲಿ ಇಡೀ ಬುಡಕಟ್ಟುಗಳನ್ನೇ ಅಪರಾಧಿ ಅಂತ ಪಟ್ಟಿ ಮಾಡಿದರು. 1952ರಲ್ಲಿ ಆ ಕಾಯ್ದೆ ಹೋಯಿತು, ಠಾಣೆಯ ಅಭ್ಯಾಸ ಪೂರ್ತಿ ಹೋಗಿಲ್ಲ. ಸಾಕ್ಷಿಯ ಮುಂದೆ ಇಡೋದೇ ಅಂಥ ಆಲ್ಬಂ ಆದರೆ, ಸಾಕ್ಷಿ ಯಾರನ್ನು ಆರಿಸಿದರೂ ಅದೇ ಓಣಿಯವರೇ ಆಗಿರ್ತಾರೆ. ಈ ಮಾತಿಗೆ ನನ್ನ ಹಳೇ ಸಹೋದ್ಯೋಗಿಗಳು ಬೈದರೆ ಬೈಯಲಿ.

ಹರಟೆಮಲ್ಲ:
ಸರ್, ದೊಡ್ಡ ಮಾತು ಹೇಳಿದಿರಿ.

ಸುಮ್ನೆ ಓದುಗ:
ಇಷ್ಟು ದಿನ ಓದಿಕೊಂಡಿದ್ದೆ, ಇವತ್ತು ಕೇಳಲೇಬೇಕಾಗಿ ಬಂದಿದೆ. ನಮ್ಮ ಚಿಕ್ಕಮ್ಮನ ಸರ ಕಿತ್ತುಕೊಂಡು ಹೋದರು, ಬೈಕಲ್ಲಿ ಇಬ್ಬರು. ಈಗ ಯಾರನ್ನೋ ಹಿಡಿದಿದ್ದಾರೆ, ಜೈಲಿಗೆ ಬಂದು ಗುರುತು ಹಿಡಿಯಿರಿ ಅಂತ ಕರೆ ಬಂದಿದೆ. ಚಿಕ್ಕಮ್ಮ ನೋಡಿದ್ದು ಹಿಂದೆ ಕೂತವನನ್ನು, ಅದೂ ಒಂದು ಕ್ಷಣ. ಬೀದಿಯವರ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಒಂದು ಫೋಟೋ ಓಡಾಡ್ತಿದೆ, ಅವರೂ ನೋಡಿದ್ದಾರೆ. "ಹೋಗಿ ತೋರಿಸದಿದ್ದರೆ ಪೊಲೀಸರು ಬೇಜಾರು ಮಾಡ್ಕೋತಾರೆ" ಅಂತ ರಾತ್ರಿ ನಿದ್ದೆ ಮಾಡ್ತಿಲ್ಲ. ಏನು ಮಾಡಬೇಕು?

ಕರಿಕೋಟು:
ಚಿಕ್ಕಮ್ಮನಿಗೆ ಹೇಳಿ, ಯಾರನ್ನಾದರೂ ತೋರಿಸಲೇಬೇಕು ಅಂತ ಎಲ್ಲೂ ಇಲ್ಲ. "ಇವರಲ್ಲಿ ಇಲ್ಲ", "ಗೊತ್ತಾಗ್ತಿಲ್ಲ" ಎರಡೂ ಪೂರ್ತಿ ಉತ್ತರಗಳೇ. ಅದಕ್ಕೆ ಯಾರೂ ಕೇಸು ಹಾಕಲ್ಲ. ಆ ಫೋಟೋ ಮತ್ತೆ ತೆಗೆದು ನೋಡೋದು ಬೇಡ, ಮನೆಯಲ್ಲಿ ಅದರ ಬಗ್ಗೆ ಚರ್ಚೆಯೂ ಬೇಡ. ಪೆರೇಡ್ ಶುರುವಾಗುವ ಮೊದಲು ತಹಶೀಲ್ದಾರರಿಗೆ, ವಾಟ್ಸಾಪಲ್ಲಿ ಒಂದು ಫೋಟೋ ನೋಡಿದ್ದೇನೆ ಅಂತ ಮುಚ್ಚಿಡದೆ ಹೇಳಲಿ, ಬರೆದುಕೊಳ್ಳಿ ಅಂತಲೂ ಹೇಳಲಿ. ಯಾರನ್ನಾದರೂ ತೋರಿಸಿದರೆ ಎಷ್ಟು ನಂಬಿಕೆ ಇದೆ ಅಂತ ತಮ್ಮದೇ ಮಾತಲ್ಲಿ ಹೇಳಲಿ, "ಕಣ್ಣು ಹೋಲುತ್ತೆ, ಮುಖ ಗೊತ್ತಿಲ್ಲ" ಅಂದರೆ ಹಾಗೇ. ಸಹಿ ಮಾಡುವ ಮುಂಚೆ ಓದಿಸಿ ಕೇಳಿಸಿಕೊಳ್ಳಲಿ. ಆ ಮಾತು ಹಾಗೇ ಬಂದಿಲ್ಲ ಅಂದರೆ ತಿದ್ದಿಸಲಿ.

ನಿವೃತ್ತ ಖಾಕಿ:
ಹೊರಗೆ ಬಂದಾಗ ಪೇದೆ ಏನಾದರೂ "ಸರಿಯಾಗಿ ಹಿಡಿದ್ರಿ ಅಮ್ಮ" ಅಂದರೆ ಕಿವಿಗೆ ಹಾಕ್ಕೋಬೇಡಿ ಅಂತಲೂ ಹೇಳಿ. ಒಳ್ಳೇ ಮನಸ್ಸಿಂದಲೇ ಅಂತಾರೆ, ಆದರೂ. ಮತ್ತೆ ಮುಂದೆ ಕೋರ್ಟಿಗೆ ಸಮನ್ಸ್ ಬಂದು ಹೋದ ದಿನ ಸಾಕ್ಷಿ ಭತ್ಯೆ ಕೇಳಿ ಇಸ್ಕೊಳ್ಳಲಿ, ಬಸ್ ಚಾರ್ಜಾದರೂ ಹುಟ್ಟುತ್ತದೆ.